ತ್ರಿಪ್ಪುಣಿತ್ತುರದಲ್ಲಿ ನಮ್ಮ ಹಾಡಿನ ಪೆಟ್ಟಿಗೆ

ಸರ್ಕಾರಿ ಗುಮಾಸ್ತನ ಬಾಳಿನಲ್ಲಿ ವರ್ಗದ ಆಜ್ಞೆ ಮಳೆಯಿದ್ದಂತೆ. ಬರುವ ದಿನ ಗೊತ್ತಿಲ್ಲ. ಬಂದ ಮೇಲೆ ಕೊಡೆ ಬಿಚ್ಚಿ ಹೊರಡುವುದೊಂದೇ ದಾರಿ. ೨೦೨೪ರಲ್ಲಿ ನಮಗೆ ಮೈಸೂರಿನಿಂದ ಕೊಚ್ಚಿಗೆ ವರ್ಗವಾಯಿತು. ಆಫೀಸಿರುವುದು ಎರ್ನಾಕುಲಮ್ಮಿನಲ್ಲಿ. ಅಲ್ಲಿನ ಮನೆ ಬಾಡಿಗೆಯನ್ನು ಕೇಳಿಯೇ ಬೆವತು, ಊರಿನ ಅಂಚಿಗೆ ಸರಿಯುತ್ತ ಸರಿಯುತ್ತ ನಾವು ಬಂದು ನಿಂತದ್ದು ತ್ರಿಪ್ಪುಣಿತ್ತುರದಲ್ಲಿ. ಈ ಹೆಸರನ್ನು ಸರಿಯಾಗಿ ಹೇಳಲು ನಮಗೆ ಒಂದು ತಿಂಗಳು ಹಿಡಿಯಿತು. ಮಕ್ಕಳಿಗೆ ಒಂದು ದಿನ ಸಾಕಾಯಿತು. ಆಲುವದಿಂದ ಹೊರಡುವ ಮೆಟ್ರೋ ರೈಲು ಅದೇ ವರ್ಷದ ಮಾರ್ಚಿ ೬ರಂದು ಇಲ್ಲಿಗೆ ಬಂದು ಮುಟ್ಟಿತ್ತು. ಸುಮಾರು ೨೮ ಕಿಲೋಮೀಟರಿನ ಆ ದಾರಿಯ ೨೫ನೆಯ ನಿಲ್ದಾಣ, ಕಡೆಯ ನಿಲ್ದಾಣ, ನಮ್ಮ ಊರು. ಕಡೆಯ ನಿಲ್ದಾಣದವರಿಗೆ ಒಂದು ಸೌಖ್ಯವುಂಟು: ಬೆಳಿಗ್ಗೆ ಕೂರಲು ಜಾಗ ಸಿಕ್ಕುತ್ತದೆ, ಸಂಜೆ ನಿದ್ದೆ ಬಂದರೂ ಇಳಿಯುವ ಊರು ತಪ್ಪಿಹೋಗುವುದಿಲ್ಲ.

ತ್ರಿಪ್ಪುಣಿತ್ತುರ ಕೊಚ್ಚಿಯ ಅರಸರ ಊರು. ಗುಡ್ಡದ ಮೇಲಿರುವ ಹಿಲ್ ಪ್ಯಾಲೇಸು ೧೮೬೫ರಲ್ಲಿ ಕಟ್ಟಲು ತೊಡಗಿದ್ದು. ೫೪ ಎಕರೆಯಲ್ಲಿ ೪೯ ಕಟ್ಟಡಗಳಿವೆ. ಈಗ ಅದು ಸರ್ಕಾರದ ವಸ್ತುಸಂಗ್ರಹಾಲಯ. ‘ಆಪ್ತಮಿತ್ರ’ ಚಿತ್ರವನ್ನು ನೋಡಿ ಹೆದರಿದ ವಾಚಕರಿಗೆ ಒಂದು ಮಾತು: ಅದಕ್ಕೆ ಮೂಲವಾದ ೧೯೯೩ರ ಮಲೆಯಾಳ ಚಿತ್ರ ‘ಮಣಿಚ್ಚಿತ್ರತಾಳ್’ನ ಹಲವು ದೃಶ್ಯಗಳನ್ನು ತೆಗೆದದ್ದು ಈ ಅರಮನೆಯಲ್ಲಿಯೇ. ನಮ್ಮ ಮನೆಯಾಕೆ ಇದನ್ನು ಕೇಳಿದ ಮೇಲೆ ಒಳಗೆ ಕಾಲಿಡಲು ಎರಡು ಭಾನುವಾರ ತೆಗೆದುಕೊಂಡರು.

ಆದರೆ ಈ ಊರನ್ನು ಕಣ್ಣಿನಿಂದ ನೋಡುವುದಕ್ಕಿಂತ ಕಿವಿಯಿಂದ ಕೇಳಬೇಕು. ಓಣಂ ಹಬ್ಬಕ್ಕೆ ಮುಂಚೆ, ಅತ್ತಂ ನಕ್ಷತ್ರದ ದಿನ, ಅತ್ತಚ್ಚಮಯದ ಮೆರವಣಿಗೆ ಹೊರಡುತ್ತದೆ; ಒಂದು ಕಾಲಕ್ಕೆ ಅರಸರು ನಡೆಸುತ್ತಿದ್ದುದನ್ನು ಈಗ ಜನರೇ ನಡೆಸುತ್ತಾರೆ. ವೃಶ್ಚಿಕ ಮಾಸದಲ್ಲಿ ಪೂರ್ಣತ್ರಯೀಶನ ಗುಡಿಯಲ್ಲಿ ಎಂಟು ದಿನ ಉತ್ಸವ. ಸಾಲು ಆನೆಗಳ ಮುಂದೆ ಚೆಂಡೆಯವರು ನಿಂತು ಮೇಳ ತೆಗೆದರೆಂದರೆ ನಮ್ಮ ಮನೆಯ ಕಿಟಕಿಯ ಸರಳು ನಡುಗುತ್ತದೆ. ರಾತ್ರಿಯೆಲ್ಲ ಕಥಕಳಿ. ಊರ ನಡುವೆ ಆರ್.ಎಲ್.ವಿ. ಸಂಗೀತ ಕಾಲೇಜು, ಗಾಯಕ ಯೇಸುದಾಸರು ಕಲಿತ ಸಂಸ್ಥೆಗಳಲ್ಲಿ ಇದೂ ಒಂದು. ಸಂಜೆ ನಡೆದುಹೋದರೆ ಒಂದು ಮನೆಯಲ್ಲಿ ಮೃದಂಗ, ಇನ್ನೊಂದರಲ್ಲಿ ಸರಳೆ ವರಸೆ. ಇಂಥ ಊರಿನಲ್ಲಿ ನಮ್ಮದೊಂದು ಮನೆಯ ಸಂಗೀತ ಮಾತ್ರ ಕೆಟ್ಟು ಕೂತಿತ್ತು. ಅದರ ಕಥೆಯನ್ನೇ ಹೇಳಹೊರಟಿದ್ದೇವೆ.

ತೀರ್ಥರೂಪರು ಕಾಲವಾದ ಮೇಲೆ ನಮ್ಮ ತಾಯಿಯವರು ನಮ್ಮೊಡನೆ ಬಂದರು. ಅವರ ಜೊತೆಗೆ ಬಂದದ್ದು ಎರಡು ಟ್ರಂಕು ಗ್ರಾಮಫೋನ್ ತಟ್ಟೆಗಳು. ತೀರ್ಥರೂಪರು ಮೂವತ್ತು ವರ್ಷ ಕೂಡಿಸಿದವು: ಕಾಳಿಂಗರಾಯರ ಭಾವಗೀತೆ, ಭೀಮಸೇನ ಜೋಶಿಯವರ ದಾಸರ ಪದಗಳು, ಸುಬ್ಬುಲಕ್ಷ್ಮಿಯವರ ತಟ್ಟೆಗಳು, ರಾಜಕುಮಾರರ ಚಿತ್ರಗಳ ಪುಟ್ಟ ತಟ್ಟೆಗಳು, ತಳದಲ್ಲಿ ನಮ್ಮ ಅಜ್ಜನವರ ಕಾಲದ ಹತ್ತಾರು ಅರಗಿನ ತಟ್ಟೆಗಳು. ಮಲೆಯಾಳ ಬಾರದ ಊರಿನಲ್ಲಿ, ನಾವಿಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ, ತಾಯಿಯವರೊಡನೆ ಕನ್ನಡದಲ್ಲಿ ಮಾತಾಡಲು ಈ ತಟ್ಟೆಗಳಲ್ಲದೆ ಬೇರೆ ಯಾರೂ ಇರಲಿಲ್ಲ. “ಫೋನಿನಲ್ಲಿ ಎಲ್ಲ ಹಾಡೂ ಸಿಕ್ಕುತ್ತದೆ ಅಮ್ಮ” ಎಂದು ತೋರಿಸಿಕೊಟ್ಟೆವು. ಎರಡು ದಿನ ಕೇಳಿದರು. “ಇದು ತಾನೇ ಮುಂದಿನ ಹಾಡಿಗೆ ಓಡಿಬಿಡುತ್ತದಪ್ಪ, ಇದನ್ನು ಹಿಂದೆ ಅಟ್ಟಿಕೊಂಡು ಹೋಗುವುದೇ ಆಯಿತು” ಎಂದು ಕೆಳಗಿಟ್ಟರು.

ತೀರ್ಥರೂಪರ ಹಳೆಯ ಯಂತ್ರ ಮೈಸೂರಿನಲ್ಲಿಯೇ ಕೆಟ್ಟು ಹೋಗಿತ್ತು. ನಾವು ಇಲ್ಲಿ ಹಳೆ ಸಾಮಾನಿನ ಒಂದು ಅಂಗಡಿಯಲ್ಲಿ ತಟ್ಟೆ ತಿರುಗಿಸುವ ಪೆಟ್ಟಿಗೆಯನ್ನೂ, ಒಂದು ಆಂಪ್ಲಿಫೈಯರನ್ನೂ, ಎರಡು ಸ್ಪೀಕರುಗಳನ್ನೂ ಕೊಂಡೆವು. ಬಾಡಿಗೆಯ ಮನೆ ಹಳೆಯ ಕಾಲದ್ದು: ಕೆಳಗೆ ಕಾವಿ ಬಣ್ಣದ ಗಾರೆ ನೆಲ, ಮೇಲೆ ಮರದ ಹಲಗೆ ಹಾಸಿದ ಮಾಳಿಗೆ. ಕೆಳಗಿನ ಕೋಣೆಯಲ್ಲಿ ಮಕ್ಕಳ ಓದು. ಆದುದರಿಂದ ಪೆಟ್ಟಿಗೆಯನ್ನು ಮಾಳಿಗೆಯ ಮೇಜಿನ ಮೇಲಿಟ್ಟು ಅದರ ಎರಡು ಪಕ್ಕಕ್ಕೂ ಸ್ಪೀಕರುಗಳನ್ನು ಜೋಡಿಸಿದೆವು. “ಕೆಳಗೇ ಇಡಬಾರದೇನಪ್ಪ?” ಎಂದರು ತಾಯಿಯವರು. ಮೊಣಕಾಲು ನೋವಿನವರು, ಮೆಟ್ಟಿಲು ಹತ್ತಲು ಕಷ್ಟವಾಗಿ ಹೇಳುತ್ತಿದ್ದಾರೆಂದು ತಿಳಿದು, “ಕೈ ಹಿಡಿದು ಹತ್ತಿಸುತ್ತೇವೆ ಅಮ್ಮ” ಎಂದೆವು. ಅವರು ಸುಮ್ಮನಾದರು.

ಮೊದಲ ದಿನವೇ ಧ್ವನಿ ಬಡಕಲಾಗಿತ್ತು. ದಾಸರ ಪದ ಎಲ್ಲೋ ಬಾವಿಯ ಆಚೆಯಿಂದ ಬಂದಂತೆ, ತಂಬೂರಿ ಸೊಳ್ಳೆಯಂತೆ, ತಬಲದ ಬಲಗೈ ಇದ್ದರೆ ಎಡಗೈಯೇ ಇಲ್ಲ. ಧ್ವನಿಯ ತಿರುಪನ್ನು ಕೊನೆಯವರೆಗೆ ತಿರುಗಿಸಿದರೆ ಹಾಡಿಗಿಂತ ಮೊದಲು ಗುಂಯ್ ಎಂಬ ಮೊರೆತ ಎದ್ದಿತು. ಮೇಲಾಗಿ ಯಾರಾದರೂ ಮಾಳಿಗೆಯಲ್ಲಿ ನಡೆದರೆ ಮುಳ್ಳು ಗೆರೆ ಬಿಟ್ಟು ಹಾರುತ್ತಿತ್ತು. ಆಗ ನಮ್ಮ ಬುದ್ಧಿಗೆ ಹೊಳೆದ ಉಪಾಯವನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಮುಳ್ಳಿನ ತೋಳಿನ ತುದಿಗೆ ಒಂದು ರೂಪಾಯಿಯ ನಾಣ್ಯವನ್ನು ಅಂಟಿಸಿದೆವು. ಹಾರುವುದು ನಿಂತಿತು. ನಮ್ಮ ಜಾಣತನಕ್ಕೆ ನಾವೇ ಮೆಚ್ಚಿಕೊಂಡೆವು.

ಜೂನ್ ಬಂತು, ಇಡವಪ್ಪಾದಿಯ ಮಳೆ ಹಿಡಿಯಿತು. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೮೦೦ ಮಿಲಿಮೀಟರು. ಇಲ್ಲಿ ಸುಮಾರು ೩,೦೦೦. ಚಪ್ಪಲಿ, ಬೆಲ್ಟು, ಪುಸ್ತಕ, ಎಲ್ಲಕ್ಕೂ ಬೂಷ್ಟು. ಆಗಸ್ಟಿನಲ್ಲಿ ಟ್ರಂಕು ತೆರೆದರೆ ತಟ್ಟೆಗಳ ಮೇಲೆ ಬಿಳಿಯ ಚುಕ್ಕಿ, ಕಾಗದದ ಲಕೋಟೆಗಳಲ್ಲಿ ಹಸಿ ವಾಸನೆ. ಒಣ ಬಟ್ಟೆಯಿಂದ ಉಜ್ಜಿ ಹಾಕಿದೆವು. ಕಾಳಿಂಗರಾಯರು ಬಾಣಲೆಯಲ್ಲಿ ಸಾಸಿವೆ ಸಿಡಿದಂತಹ ಸದ್ದಿನ ನಡುವೆ ಹಾಡಿದರು. ಸ್ವರ ಏರಿದಾಗಲೆಲ್ಲ ಹರಿದ ತಗಡಿನಂತೆ ಕೇಳಿಸಿತು. ಅರ್ಧ ಹಾಡಿಗೆ ತಾಯಿಯವರು ಎದ್ದು, “ಸಾಕು, ಆರಿಸಿಬಿಡಪ್ಪ” ಎಂದು ಕೆಳಗಿಳಿದರು. ಆಮೇಲೆ ಎರಡು ತಿಂಗಳು ಅವರು ಮಾಳಿಗೆಗೆ ಬರಲಿಲ್ಲ. ಸಂಜೆ ಆಫೀಸಿನಿಂದ ಬಂದರೆ ಜಗಲಿಯಲ್ಲಿ ಸುಮ್ಮನೆ ಕೂತು ಮಳೆ ನೋಡುತ್ತಿರುತ್ತಿದ್ದರು. ಏನು ಬೇಕೆಂದರೆ ಏನೂ ಬೇಡವೆನ್ನುತ್ತಿದ್ದರು. ಊಟವೂ ಕಡಿಮೆಯಾಯಿತು. ನಮ್ಮ ಮನೆಯಾಕೆ ಒಂದು ರಾತ್ರಿ, “ಅತ್ತೆಯವರನ್ನು ಮೈಸೂರಿಗೆ ಕಳಿಸಿಬಿಡೋಣವೇ?” ಎಂದು ಕೇಳಿದಾಗ, ಅಲ್ಲಿ ಅವರಿಗೆ ಯಾರಿದ್ದಾರೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಪರಿಚಿತರೊಬ್ಬರು ಹೊಸ ಸ್ಪೀಕರುಗಳನ್ನು ಕೊಳ್ಳಿರೆಂದರು. ಬೆಲೆ ಮೂವತ್ತು ಸಾವಿರ. ಮುಂಗಡಕ್ಕೆ ಅರ್ಜಿ ಬರೆಯಲು ಕೂತಿದ್ದಾಗ ಪಕ್ಕದ ಮನೆಯ ಮಾಷ್ ಬಂದರು. ಮಾಷ್ ಎಂದರೆ ಇಲ್ಲಿ ಮೇಷ್ಟರು. ಇವರು ಸಂಗೀತ ಕಲಿಸಿ ನಿವೃತ್ತರಾದವರು. ಬೇಲಿಯಾಚೆಯಿಂದ ನಮ್ಮ ಹಾಡುಗಳನ್ನು ಕೇಳಿದ್ದರಂತೆ. “ಸಾರೇ, ನಿಮ್ಮ ಪಾಟಿಗೆ ಶ್ರುತಿ ನಿಲ್ಲುತ್ತಿಲ್ಲ. ಅರ್ಧ ಮನೆ ಇಳಿದಿದೆ, ಮತ್ತೆ ಅಲುಗುತ್ತದೆ” ಎಂದು ತಮಿಳು ಬೆರೆತ ಮಾತಿನಲ್ಲಿ ಹೇಳಿ, ಮಾಳಿಗೆ ಹತ್ತಿ ಬಂದರು. ಬಂದವರು ಪೆಟ್ಟಿಗೆಯನ್ನು ನೋಡಲಿಲ್ಲ. ನಡುಮನೆಯಲ್ಲಿ ನಿಂತು ಒಂದು ಸಲ ಹಿಮ್ಮಡಿ ಊರಿದರು. ಮೇಜು ನಡುಗಿತು. “ಮೊದಲು ಇದು” ಎಂದರು. ಆಮೇಲೆ ನಾಣ್ಯವನ್ನು ನೋಡಿ ತಲೆ ಮೇಲೆ ಕೈಯಿಟ್ಟುಕೊಂಡರು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ, ಎಂದು ನಮ್ಮಲ್ಲಿ ಗಾದೆಯುಂಟು. ನಮ್ಮ ವಿಷಯದಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ನಾವು ನೆಲವನ್ನು ಬಿಟ್ಟು ಕುಣಿಯುವವಳಿಗೆ ಶಿಕ್ಷೆ ಕೊಟ್ಟಿದ್ದೆವು. ಅಂದಿನಿಂದ ನಾಲ್ಕು ಭಾನುವಾರ ಮಾಡಿದ ಕೆಲಸವನ್ನು, ಇಂಥದೇ ತೊಂದರೆಯಿರುವ ವಾಚಕರಿಗೆ ಉಪಯೋಗವಾಗಲೆಂದು, ಕ್ರಮವಾಗಿ ಬರೆಯುತ್ತೇವೆ.

ಮೊದಲನೆಯದು ಜಾಗ. ಪೆಟ್ಟಿಗೆಯನ್ನು ಕೆಳಗಿಳಿಸಿ ಗಾರೆ ನೆಲದ ಮೇಲೆ ಭಾರವಾದ ಹಲಸಿನ ಮರದ ಮೇಜಿನ ಮೇಲಿಟ್ಟೆವು. ಗಾರೆಯವನ ರಸಮಟ್ಟವನ್ನು ತಂದು, ಒಂದು ಕಾಲಿನ ಕೆಳಗೆ ರಟ್ಟು ಕೊಟ್ಟು, ಉದ್ದಕ್ಕೂ ಅಡ್ಡಕ್ಕೂ ಮಟ್ಟ ಮಾಡಿದೆವು. ಸ್ಪೀಕರುಗಳನ್ನು ಆ ಮೇಜಿನಿಂದ ತೆಗೆದು ಬೇರೆ ಮಣೆಗಳ ಮೇಲಿಟ್ಟೆವು. ಒಂದೇ ಮೇಜಿನ ಮೇಲಿದ್ದರೆ ಸ್ಪೀಕರಿನ ನಡುಕ ಮೇಜಿನ ಮೂಲಕ ಮುಳ್ಳಿಗೆ ಹೋಗಿ, ಮುಳ್ಳು ಅದನ್ನೂ ಹಾಡೆಂದೇ ತಿಳಿದು ಮತ್ತೆ ಸ್ಪೀಕರಿಗೆ ಕಳಿಸುತ್ತದೆ. ಗುಂಯ್ ಎಂಬ ಮೊರೆತದ ಅರ್ಧ ಭಾಗ ಇದೇ ಆಗಿತ್ತು. ಉಳಿದರ್ಧ, ಪೆಟ್ಟಿಗೆಯ ಹಿಂದೆ ಜೋತುಬಿದ್ದಿದ್ದ ತೆಳ್ಳನೆಯ ಒಂದು ತಂತಿ. ಅದನ್ನು ಆಂಪ್ಲಿಫೈಯರಿನ ಹಿಂಬದಿಯ ತಿರುಪಿಗೆ ಸಿಕ್ಕಿಸಿದೊಡನೆ ನಿಂತಿತು.

ಎರಡನೆಯದು ಭಾರ. ಈ ಬಗೆಯ ಅಯಸ್ಕಾಂತದ ಮುಳ್ಳಿಗೆ ಸಾಮಾನ್ಯವಾಗಿ ಎರಡು ಗ್ರಾಮಿನ ಆಸುಪಾಸಿನ ಭಾರ ಬೇಕು. ಸರಿಯಾದ ಲೆಕ್ಕವನ್ನು ಮಾಡಿದವರೇ ಕೊಟ್ಟಿರುತ್ತಾರೆ. ಮಾಷ್ ಅವರ ಪರಿಚಯದ ಅಕ್ಕಸಾಲಿಗರೊಬ್ಬರು ತಮ್ಮ ಪುಟ್ಟ ತಕ್ಕಡಿಯಲ್ಲಿ ನಮ್ಮ ನಾಣ್ಯವನ್ನು ತೂಗಿದರು: ಮೂರೂವರೆ ಗ್ರಾಮಿಗೂ ಮೇಲೆ. ತೋಳಿನ ಭಾರದ ಜೊತೆಗೆ ಇದೂ ಸೇರಿ, ಕೂದಲಿಗಿಂತ ಸಣ್ಣ ಗೆರೆಯ ಗೋಡೆಗಳನ್ನು ವಜ್ರದ ಮೊನೆಯಿಂದ ನೇಗಿಲು ಹೂಡಿದಂತೆ ಉತ್ತಿದ್ದೆವು. ನಾಣ್ಯವನ್ನು ಕಿತ್ತು, ತೋಳಿನ ಹಿಂಬದಿಯ ಗುಂಡನ್ನು ತಿರುಗಿಸಿ ತೋಳು ತೇಲುವಂತೆ ಮಾಡಿ, ಅಲ್ಲಿಂದ ಎರಡು ಗ್ರಾಮಿಗೆ ತಂದೆವು. ಭಾರ ತೀರ ಕಡಿಮೆಯಾದರೂ ಕೆಡುಕೇ. ಮುಳ್ಳು ಗೆರೆಯಲ್ಲಿ ಕೂರದೆ ಬಡಿದಾಡಿ ಗೋಡೆಗಳನ್ನು ಕಚ್ಚುತ್ತದೆ.

ಮೂರನೆಯದು ಮುಳ್ಳು. ಹಿಂದಿನ ಉಕ್ಕಿನ ಮುಳ್ಳನ್ನು ತಟ್ಟೆಯ ಒಂದೊಂದು ಪಕ್ಕಕ್ಕೂ ಬದಲಿಸುತ್ತಿದ್ದರು. ವಜ್ರದ್ದು ಐನೂರರಿಂದ ಸಾವಿರ ಗಂಟೆಯವರೆಗೆ ಬಾಳಬಹುದು, ಶಾಶ್ವತವಲ್ಲ. ಅಂಗಡಿಯಿಂದ ಬಂದ ನಮ್ಮ ಮುಳ್ಳು ಎಷ್ಟು ಗಂಟೆ ದುಡಿದಿತ್ತೋ ಕೇಳುವವರಿಲ್ಲ. ಮಸೂರದಲ್ಲಿ ನೋಡಿದರೆ ಹತ್ತಿಯಂತೆ ಧೂಳು ಕಾಣುತ್ತದೆಯೇ ಹೊರತು ಸವೆತ ಕಾಣುವುದಿಲ್ಲ. ಹಳೆಯ ಯಂತ್ರ ಕೊಂಡವರು ಮೊದಲು ಮುಳ್ಳನ್ನು ಬದಲಿಸಿಯೇ ತಟ್ಟೆ ಹಾಕಬೇಕು. ಇನ್ನೊಂದು ಎಚ್ಚರಿಕೆ: ಅರಗಿನ ಹಳೆಯ ತಟ್ಟೆಯ ಗೆರೆ ಬಹಳ ಅಗಲ. ಅದಕ್ಕೆ ಬೇಕಾದ ಮುಳ್ಳಿನ ಮೊನೆ ಇಂದಿನದಕ್ಕಿಂತ ನಾಲ್ಕು ಪಟ್ಟು ದಪ್ಪ. ಲಾಂಗ್ ಪ್ಲೇ ಮುಳ್ಳು ಅದರ ತಳಕ್ಕೆ ಬಿದ್ದು ಕೊಳೆಯನ್ನು ಕೆರೆಯುತ್ತದೆ, ಅಷ್ಟೆ. ಆದುದರಿಂದ ಅಜ್ಜನವರ ತಟ್ಟೆಗಳನ್ನು ಸದ್ಯಕ್ಕೆ ಎತ್ತಿಟ್ಟಿದ್ದೇವೆ.

ನಾಲ್ಕನೆಯದು ಸ್ನಾನ. ಒಣ ಬಟ್ಟೆಯ ಉಜ್ಜಾಟ ಧೂಳನ್ನು ಗೆರೆಯೊಳಕ್ಕೆ ತುಂಬುತ್ತದೆ. ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರಿಗೆ ಪಾತ್ರೆ ತೊಳೆಯುವ ಮೃದು ಸಾಬೂನಿನ ಒಂದೆರಡು ತೊಟ್ಟು. ನಡುವಣ ಚೀಟಿ ನೆನೆಯದಂತೆ ಹಿಡಿದು, ಮೆತ್ತನೆಯ ಬ್ರಷಿನಿಂದ ಗೆರೆ ಸುತ್ತಿದ ದಿಕ್ಕಿನಲ್ಲೇ ಸುತ್ತಿಸಿ, ಮತ್ತೆ ಬರಿಯ ಬಟ್ಟಿ ನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ನಲ್ಲಿ ನೀರು ಬೇಡ. ಒಣಗಿದ ಮೇಲೆ ಉಪ್ಪು ಉಳಿಯುತ್ತದೆ. ಅರಗಿನ ತಟ್ಟೆಗಳಿಗೆ ಸ್ಪಿರಿಟ್ಟನ್ನು ಸೋಕಿಸಲೇಕೂಡದು. ನಮ್ಮ ಚನ್ನಪಟ್ಟಣದ ಬೊಂಬೆಯ ಬಣ್ಣದಲ್ಲಿರುವುದೂ ಈ ತಟ್ಟೆಯಲ್ಲಿರುವುದೂ ಒಂದೇ ಅರಗು, ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ. ತೊಳೆದ ತಟ್ಟೆಯನ್ನು ಬೂಷ್ಟು ಹಿಡಿದ ಲಕೋಟೆಗೆ ಮತ್ತೆ ಹಾಕಿದರೆ ತೊಳೆದದ್ದು ವ್ಯರ್ಥ. ಹೊಸ ಒಳಲಕೋಟೆಗಳನ್ನು ಕೊಂಡು, ಟ್ರಂಕಿನಲ್ಲಿ ಒಂದರ ಮೇಲೊಂದು ಮಲಗಿಸುವ ಬದಲು, ಹೊರಗೋಡೆಗೆ ತಗುಲದ ಕಪಾಟಿನಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿದೆವು. ತೇವ ಹೀರುವ ಹರಳಿನ ಚೀಲಗಳನ್ನು ಒಳಗಿಟ್ಟಿದ್ದೇವೆ.

ಐದನೆಯದು, ಧ್ವನಿ ಬಡಕಲಾಗಿದ್ದಕ್ಕೆ ಕಾರಣ. ತಟ್ಟೆ ಕೊರೆಯುವಾಗ ಮಂದ್ರದ ಧ್ವನಿಯನ್ನು ಬೇಕೆಂದೇ ತಗ್ಗಿಸಿ ತಾರದ ಧ್ವನಿಯನ್ನು ಹೆಚ್ಚಿಸಿರುತ್ತಾರೆ. ಹಾಗೆ ಮಾಡದಿದ್ದರೆ ಮಂದ್ರಕ್ಕೆ ಗೆರೆ ಅಗಲವಾಗಿ ಓಲಾಡಿ, ಒಂದು ತಟ್ಟೆಯಲ್ಲಿ ಹೆಚ್ಚು ಹಾಡು ಹಿಡಿಯುವುದಿಲ್ಲ. ನುಡಿಸುವಾಗ ಅಷ್ಟನ್ನೇ ತಿರುಗಿಸಿ ಕೊಡಬೇಕು. ೧೯೫೪ರಿಂದ ಈ ಕೊಡುಕೊಳೆಗೆ ಒಂದು ಒಪ್ಪಿದ ಲೆಕ್ಕವಿದೆ. ಹಳೆಯ ಆಂಪ್ಲಿಫೈಯರುಗಳಲ್ಲಿ ಫೋನೋ ಎಂದು ಬರೆದ ತೂತು ಈ ಕೆಲಸಕ್ಕೇ ಇದ್ದದ್ದು. ನಮ್ಮದರಲ್ಲಿ ಅದಿಲ್ಲ, ನಾವು ಬೇರೆ ತೂತಿಗೆ ಸಿಕ್ಕಿಸಿದ್ದೆವು. ನಡುವೆ ಫೋನೋ ಪ್ರೀ-ಆಂಪ್ಲಿಫೈಯರೆಂಬ ಅಂಗೈಯಗಲದ ಡಬ್ಬಿ ಸೇರಿಸಿದೆವು. ಬೆಲೆ ಎರಡು ಸಾವಿರದ ಒಳಗೆ. ತಬಲದ ಎಡಗೈ ಅಂದೇ ಮರಳಿ ಬಂತು.

ಕಡೆಯದು ಶ್ರುತಿ. ತಟ್ಟೆಯನ್ನು ತಿರುಗಿಸುವ ರಬ್ಬರ್ ಪಟ್ಟಿ ಸಡಿಲವಾಗಿ ಜಾರುತ್ತಿತ್ತು. ನೂರಕ್ಕೆ ಸುಮಾರು ಆರರಷ್ಟು ವೇಗ ತಗ್ಗಿದರೆ ಶ್ರುತಿ ಅರ್ಧ ಮನೆ ಇಳಿಯುತ್ತದೆ. ಮಾಷ್ ಅವರ ಕಿವಿ ಅಷ್ಟನ್ನೂ ಹಿಡಿದಿತ್ತು. ಹೊಸ ಪಟ್ಟಿ ಹಾಕಿ, ೧೮೦ ಗೀಟುಗಳಿರುವ ಒಂದು ದುಂಡು ರಟ್ಟನ್ನು ತಟ್ಟೆಯ ಮೇಲಿಟ್ಟೆವು. ನಮ್ಮ ದೇಶದ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ತಟ್ಟೆ ನಿಮಿಷಕ್ಕೆ ೩೩ ಮತ್ತು ಮೂರನೆಯ ಒಂದು ಸುತ್ತು ಸರಿಯಾಗಿ ತಿರುಗಿದರೆ ಗೀಟುಗಳು ನಿಂತಂತೆ ಕಾಣುತ್ತವೆ. ಈಗಿನ ಎಲ್‌ಇಡಿ ದೀಪಗಳಲ್ಲಿ ಹಲವು ಹಾಗೆ ಮಿನುಗುವುದಿಲ್ಲ. ಹಳೆಯ ನಿಯಾನ್ ರಾತ್ರಿದೀಪವೊಂದು ಸಾಕಾಯಿತು.

ಎಲ್ಲ ಸೇರಿ ಖರ್ಚು ಏಳು ಸಾವಿರದ ಒಳಗೆ ಮುಗಿಯಿತು. ಅರ್ಜಿ ಮೇಜಿನ ಖಾನೆಯಲ್ಲಿಯೇ ಉಳಿಯಿತು. ಅಕ್ಟೋಬರಿನ ಒಂದು ಸಂಜೆ ತಾಯಿಯವರನ್ನು ಕೂರಿಸಿ ದಾಸರ ಪದ ಹಾಕಿದೆವು. ಭೀಮಸೇನರು ನಮ್ಮ ನಡುಮನೆಯಲ್ಲಿಯೇ ಕೂತು ಹಾಡಿದರು. ಮಾಷ್ ತೊಡೆಯ ಮೇಲೆ ತಾಳ ಹಾಕಿದರು. ಅವರು ಪಾಲಕ್ಕಾಡಿನ ಚೆಂಬೈಯವರ ಮಾತೆತ್ತಿದಾಗ, ತಾಯಿಯವರು ಥಟ್ಟನೆ “ಚೌಡಯ್ಯನವರು!” ಎಂದರು. ಚೆಂಬೈಯವರಿಗೆ ಮೈಸೂರಿನ ಚೌಡಯ್ಯನವರ ಪಿಟೀಲೆಂದರೆ ಪ್ರಾಣ. ಮೈಕಿಲ್ಲದ ಕಾಲದಲ್ಲಿ ಸಭೆಯ ಹಿಂದಿನವರಿಗೂ ಕೇಳಿಸಲೆಂದು ಪಿಟೀಲಿಗೆ ಮೂರು ತಂತಿ ಹೆಚ್ಚಿಸಿ ಏಳು ಮಾಡಿದವರು ಅವರು. ಭಾಷೆ ಬಾರದ ಇಬ್ಬರು ಆ ಎರಡು ಹೆಸರುಗಳ ಮೇಲೆ ಅರ್ಧ ಗಂಟೆ ಮಾತಾಡಿದರು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್ ೧೯೩೦ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿಯೇ ಎಂಬುದನ್ನೂ ತಾಯಿಯವರು ಬಿಡದೆ ಹೇಳಿಸಿದರು. ಅನುವಾದಿಸುವ ಕೆಲಸ ನಮ್ಮದು.

ಆಮೇಲೆ ಕಾಳಿಂಗರಾಯರ ತಟ್ಟೆ. ಸಿಡಿತ ಹೋಗಿತ್ತು, ಆದರೆ ಸ್ವರ ಏರಿದಾಗ ಹರಿಯುವುದು ಹೋಗಿರಲಿಲ್ಲ. ತೊಳೆದರೆ ಕೊಳೆ ಹೋದೀತು, ಸವೆದ ಗೆರೆ ಮತ್ತೆ ಬೆಳೆಯದು. ತೀರ್ಥರೂಪರು ಮೂವತ್ತು ವರ್ಷ ಕಾಪಾಡಿದ್ದನ್ನು ನಾವು ಮೂರು ತಿಂಗಳಲ್ಲಿ ಒಂದು ರೂಪಾಯಿಗೆ ಕಳೆದಿದ್ದೆವು. ಮಾಷ್ ಹೋದ ಮೇಲೆ ತಾಯಿಯವರಿಗೆ ನಾಣ್ಯದ ವಿಷಯವನ್ನು ಒಪ್ಪಿಕೊಂಡೆವು.

ಅವರು ಬೈಯಲಿಲ್ಲ. ಟ್ರಂಕಿನ ತಳದಿಂದ ಒಂದು ನೋಟುಪುಸ್ತಕವನ್ನು ತರಿಸಿದರು. ಪುಟ ಪುಟಕ್ಕೂ ಐದೈದರಂತೆ ಪೆನ್ಸಿಲ್ ಗೀಟುಗಳು. “ಮುಳ್ಳು ಎಷ್ಟು ಗಂಟೆ ಓಡಿತೆಂದು ನಿಮ್ಮಪ್ಪ ಲೆಕ್ಕ ಇಡಿಸುತ್ತಿದ್ದರು. ಗೀಟು ಹಾಕುತ್ತಿದ್ದವಳು ನಾನೇ. ಹಲಗೆ ಅಲ್ಲಾಡುತ್ತದೆಂದೇ ಕೆಳಗಿಡು ಎಂದೆ. ನೀನು ಕೈ ಹಿಡಿದು ಹತ್ತಿಸುತ್ತೇನೆ ಎಂದೆ.” ಸ್ವಲ್ಪ ಹೊತ್ತು ಬಿಟ್ಟು, “ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆನಪ್ಪ” ಎಂದರು.

ನಾವು ಅಂಗಡಿಯವರನ್ನು ಕೇಳಿದ್ದೆವು, ಪರಿಚಿತರನ್ನು ಕೇಳಿದ್ದೆವು, ಬೇಲಿಯಾಚೆಯವರನ್ನೂ ಕೇಳಿದೆವು. ತಾಯಿಯವರಿಗೆ ಸಂಗೀತ ಬೇಕೆಂಬುದು ನಮಗೆ ಗೊತ್ತಿತ್ತು; ಅವರಿಗೆ ಅದರ ಕೆಲಸವೂ ಗೊತ್ತಿದೆಯೆಂಬುದು ನಮ್ಮ ತಲೆಗೆ ಬಂದೇ ಇರಲಿಲ್ಲ.

ಈಗ ಪೆಟ್ಟಿಗೆ ತಾಯಿಯವರ ವಶದಲ್ಲಿದೆ. ತಟ್ಟೆ ಹಾಕುವವರೂ ತೆಗೆಯುವವರೂ ಅವರೇ. ನೋಟುಪುಸ್ತಕದಲ್ಲಿ ಹೊಸ ಮುಳ್ಳಿಗೆ ಹೊಸ ಪುಟ ತೆರೆದಿದ್ದಾರೆ. ಸವೆದ ಆ ತಟ್ಟೆಯನ್ನು ಕಪಾಟಿನಲ್ಲಿ ಬೇರೆಯಾಗಿ ಇಟ್ಟಿದ್ದಾರೆ. ಯಾರೂ ಅದನ್ನು ಮುಟ್ಟುವುದಿಲ್ಲ. ಬುಧವಾರ ಮಧ್ಯಾಹ್ನ ಮಾಷ್ ಅವರ ಮನೆಯಾಕೆ ಹಾಡು ಕೇಳಲು ಬರುತ್ತಾರೆ. ತಾಯಿಯವರು ಮಲೆಯಾಳದಲ್ಲಿ ‘ಇರಿಕ್ಕು’ ಎಂದು ಕೂರಿಸುವಷ್ಟು ಕಲಿತಿದ್ದಾರೆ.

ಈ ಕಡೆಗೆ ಪ್ರಯಾಣ ಬರುವ ವಾಚಕರು ವೃಶ್ಚಿಕದ ಉತ್ಸವಕ್ಕೆ ಸರಿಯಾಗಿ ಬಂದರೆ ಊರಿನ ಚೆಂಡೆಯನ್ನೂ ಕೇಳಬಹುದು, ನಮ್ಮ ಮನೆಯ ದಾಸರ ಪದವನ್ನೂ ಕೇಳಬಹುದು. ಮಕ್ಕಳನ್ನೂ ಕರೆತನ್ನಿರಿ. ಅವರು ಕುಣಿದರೂ ಚಿಂತೆಯಿಲ್ಲ. ನಮ್ಮ ನೆಲ ಈಗ ಡೊಂಕಲ್ಲ.